ಹೇಳಲಾಗದ ಪದಗಳ ಲೆಕ್ಕ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆದಿದ್ದೇನೆ.)

ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವ 34 ವರ್ಷದ ಈ ವ್ಯಕ್ತಿ ಸಲಹೆಗಾರನಾದ ನನ್ನ ಬಳಿಗೆ ಬಂದದ್ದು ಬಡ್ತಿ ಸಿಕ್ಕಿದ ಮೇಲೆ. ಹೊಸ ಹುದ್ದೆಯಲ್ಲಿ ಪ್ರತಿ ವಾರ ಸಭೆ ನಡೆಸಬೇಕಾಗಿತ್ತು. ಅದಕ್ಕೆ ಹೆದರಿ ಅವರು ರಾಜೀನಾಮೆಯ ಯೋಚನೆಯಲ್ಲಿದ್ದರು. ಅವರಿಗೆ ಬಾಲ್ಯದಿಂದಲೂ ಉಗ್ಗು ಇದೆಯೆಂಬುದು ಕಚೇರಿಯಲ್ಲಿ ಯಾರಿಗೂ ತಿಳಿದಿರಲಿಲ್ಲ, ಏಕೆಂದರೆ ‘ಕ’ ಅಥವಾ ‘ಪ’ದಿಂದ ಆರಂಭವಾಗುವ ಪದ ನಾಲಿಗೆಗೆ ಬರುವ ಮೊದಲೇ ಅದನ್ನು ಬದಿಗೆ ಸರಿಸಿ ಬೇರೊಂದನ್ನು ಹೇಳುವುದು ಅವರಿಗೆ ಕರಗತವಾಗಿತ್ತು. ‘ಪತ್ರ’ ಎನ್ನಲಾಗದೆ, ‘ಕಾಗದ’ವೂ ದಕ್ಕದೆ, ಒಮ್ಮೆ ‘ಓಲೆ’ ಎಂದುಬಿಟ್ಟು ಸಹೋದ್ಯೋಗಿಗಳ ನಗೆಗೆ ಗುರಿಯಾಗಿದ್ದರಂತೆ. “ನಾನು ಮಾತನಾಡುವುದಿಲ್ಲ ಸರ್, ತಪ್ಪಿಸಿಕೊಂಡು ಓಡುತ್ತೇನೆ” ಎಂದರು.

ಸ್ವತಃ ಉಗ್ಗುತ್ತಿದ್ದ ಅಮೆರಿಕದ ಮನಶ್ಶಾಸ್ತ್ರಜ್ಞ ಜೋಸೆಫ್ ಶೀಹನ್ ಈ ಸ್ಥಿತಿಯನ್ನು ಸಮುದ್ರದಲ್ಲಿ ತೇಲುವ ನೀರ್ಗಲ್ಲಿಗೆ ಹೋಲಿಸಿದ್ದರು: ಇತರರ ಕಿವಿಗೆ ಬೀಳುವ ತಡೆ ನೀರಿನ ಮೇಲಿನ ಸಣ್ಣ ತುದಿ, ಭಯ, ನಾಚಿಕೆ, ಮುಚ್ಚಿಡುವ ಹೆಣಗಾಟಗಳು ಕೆಳಗಿರುವ ದೊಡ್ಡ ಭಾಗ. ಇವರಲ್ಲಿ ತುದಿ ಕಾಣುತ್ತಲೇ ಇರಲಿಲ್ಲ.

ಮೊದಲ ಭೇಟಿಯಲ್ಲಿ ನಾನು ಎರಡು ತಪ್ಪು ಮಾಡಿದೆ. ಅವರು ಒಂದು ಪದಕ್ಕೆ ತಡವರಿಸಿದಾಗ ಆ ಪದವನ್ನು ನಾನೇ ಹೇಳಿಬಿಟ್ಟೆ. ಅನಂತರ, ಇಷ್ಟೊಂದು ಪದಸಂಪತ್ತು ಈ ಕೊರತೆಯಿಂದಲೇ ಬಂದಿರುವಾಗ ಇದನ್ನು ವರವೆಂದೇಕೆ ತಿಳಿಯಬಾರದು ಎಂದು ಕೇಳಿದೆ. ಇಪ್ಪತ್ತೈದು ವರ್ಷಗಳ ಸಂಕಟಕ್ಕೆ ಒಳ್ಳೆಯ ಹೆಸರಿಟ್ಟು ಮುಗಿಸಬೇಡಿ ಎಂದು ಅವರು ಉತ್ತರಿಸಿದರು, ಮತ್ತು ಅವರ ಮಾತು ಸರಿಯಾಗಿತ್ತು. ಕೊರತೆಯೇ ಶಕ್ತಿಯೆಂದು ಮೊದಲ ದಿನವೇ ಸಾರುವ ಸಲಹೆಗಾರ ಎದುರಿಗಿರುವವರ ನೋವನ್ನು ಕೇಳಿಸಿಕೊಂಡಿರುವುದಿಲ್ಲ.

ಎರಡನೆಯ ಭೇಟಿಯಲ್ಲಿ ಮಾತನ್ನೂ ಬರಹವನ್ನೂ ಬೇರ್ಪಡಿಸಿದೆ. ಮಾತಿನಲ್ಲಿ ಪದ ಬದಲಿಸುವುದರಿಂದ ಆ ಕ್ಷಣಕ್ಕೆ ಬಿಡುಗಡೆ ಸಿಕ್ಕರೂ ಆ ಪದದ ಮೇಲಿನ ಭಯ ಬೆಳೆಯುತ್ತಲೇ ಹೋಗುತ್ತದೆ; ಆದ್ದರಿಂದ ಅದಕ್ಕಾಗಿ ವಾಕ್ ಚಿಕಿತ್ಸಕರನ್ನು ಕಾಣಬೇಕೆಂದೂ, ಅದು ನನ್ನ ಪರಿಣತಿಯ ಕ್ಷೇತ್ರವಲ್ಲವೆಂದೂ ಹೇಳಿದೆ. ಬರಹಕ್ಕೆ ಬೇರೊಂದು ಕೆಲಸ ಕೊಟ್ಟೆ: ಪ್ರತಿ ಸಂಜೆ, ಹೇಳಬೇಕೆಂದಿದ್ದ ಪದ, ಹೇಳಿದ ಪದ, ಇವೆರಡರ ನಡುವೆ ಅರ್ಥದಲ್ಲಾದ ವ್ಯತ್ಯಾಸ, ಹೀಗೆ ಮೂರು ಕಲಂಗಳಲ್ಲಿ ಬರೆದಿಡುವುದು. ಲೆಕ್ಕಿಗರಲ್ಲವೇ, ಮೂರನೆಯ ಕಲಂಗೆ ಅವರು ‘ಬಾಕಿ’ ಎಂದು ಹೆಸರಿಟ್ಟುಕೊಂಡರು.

ಆ ಬಾಕಿಯಲ್ಲೇ ಬರಹಗಾರನೊಬ್ಬ ಕಾಣಿಸಿಕೊಂಡ. ‘ಕೋಪ’ದ ಬದಲು ‘ಮುನಿಸು’ ಎಂದಾಗ, ಸಮಾಧಾನಪಡಿಸಲು ಯಾರೋ ಬಂದೇ ಬರುತ್ತಾರೆಂಬ ನಿರೀಕ್ಷೆಯೂ ಜೊತೆಗೆ ಸೇರಿಕೊಳ್ಳುತ್ತದೆ ಎಂದು ಒಂದು ಕಡೆ ಬರೆದಿದ್ದರು. ‘ಕ್ಷಮಿಸು’ ಎನ್ನಲಾಗದೆ ಹೆಂಡತಿಗೆ ಸದಾ ‘ತಪ್ಪಾಯಿತು’ ಎನ್ನುತ್ತಿದ್ದುದರ ಬಗ್ಗೆ ಇದ್ದ ಟಿಪ್ಪಣಿ ಇನ್ನೂ ಹರಿತವಾಗಿತ್ತು: ‘ಕ್ಷಮಿಸು’ ಎಂದವನು ಎದುರಿನವರ ಬಳಿ ಏನನ್ನೋ ಬೇಡುತ್ತಾನೆ, ‘ತಪ್ಪಾಯಿತು’ ಎಂಬಲ್ಲಿ ತಪ್ಪು ಯಾರದೆಂಬುದೂ ಇರುವುದಿಲ್ಲ. ಪದಗಳನ್ನು ಹೀಗೆ ತೂಗಿ ನೋಡುವ ಗುಣ ಅವರಿಗೆ ಉಗ್ಗಿನಿಂದ ಬಂದದ್ದಲ್ಲ, ಉಗ್ಗಿನ ಸುತ್ತ ವರ್ಷಗಟ್ಟಲೆ ಎಚ್ಚರವಾಗಿದ್ದುದರಿಂದ ಬಂದದ್ದು ಎಂದು ನನಗನ್ನಿಸಿತು. ಉಗ್ಗು ಕಡಿಮೆಯಾದರೂ ಆ ಎಚ್ಚರ ಉಳಿಯುತ್ತದೆ ಎಂದು ಹೇಳಿದಾಗ ಅವರು ಮೊದಲ ಸಲ ನಿರಾಳವಾದಂತೆ ಕಂಡರು.

ಮುಂದಿನ ಸಲಹೆ, ತಪ್ಪಿಸಿಕೊಂಡ ಪದಗಳನ್ನೇ ಮುಖ್ಯವಾಗಿಟ್ಟುಕೊಂಡು ಏನಾದರೂ ಬರೆಯಿರಿ ಎಂಬುದು. ಎರಡು ತಿಂಗಳ ನಂತರ, ಹೆಂಡತಿಯ ಬಳಿ ಒಂದೇ ಒಂದು ಪದ ಹೇಳಲು ಹೆಣಗುವ ಗಂಡನ ಕಥೆಯೊಂದನ್ನು ತಂದು, ನನ್ನೆದುರಿಗೆ ಗಟ್ಟಿಯಾಗಿ ಓದಿದರು. ರಾಜೀನಾಮೆಯ ವಿಷಯ ಇನ್ನೂ ತೀರ್ಮಾನವಾಗಿರಲಿಲ್ಲ. ಸಭೆಯಲ್ಲಿ ಉಗ್ಗಿನ ಬಗ್ಗೆ ತಾವೇ ಹೇಳಿಕೊಳ್ಳಬೇಕೇ ಎಂಬ ಚರ್ಚೆ ಈಗಲೂ ನಡೆದಿದೆ. ಕಥೆಯ ಕೊನೆಯಲ್ಲಿ ‘ಕ್ಷಮಿಸು’ ಬಂದಾಗ ಅವರ ಮಾತು ನಿಂತಿತು. ‘ತಪ್ಪಾಯಿತು’ ಎಂದು ಓದಿದ್ದರೂ ಕಥೆ ಮುಗಿಯುತ್ತಿತ್ತು. ಅವರು ಹಾಗೆ ಮಾಡಲಿಲ್ಲ; ಈ ಸಲ ನಾನೂ ಆ ಪದವನ್ನು ಹೇಳಿಕೊಡದೆ ಸುಮ್ಮನೆ ಕಾದೆ.