ಹಿತ್ತಲಿಗೆ ಅಪರೂಪದ ತಳಿಯ ಕೋಳಿಗಳು: ಎಲ್ಲಿ ಸಿಗುತ್ತವೆ, ಹೇಗೆ ಕೊಳ್ಳುವುದು?

ಮನೆಯಲ್ಲಿ ನಾಲ್ಕು ಸಾಮಾನ್ಯ ಹೇಟೆಗಳಿವೆ, ಅವುಗಳ ಜೊತೆಗೆ ಸಿಲ್ಕಿ, ಬ್ರಹ್ಮ, ಪೋಲಿಷ್, ಕಡಕ್‌ನಾಥ್ ತಳಿಗಳದ್ದು ಒಂದೊಂದು ಬೇಕು, ಬೆಳೆದ ಕೋಳಿಗಳನ್ನೇ ಎಲ್ಲಿಂದ ತರಲಿ ಅಂತ ಕೇಳಿದ್ದೀರಿ. ಓದಿ ಎದೆ ಝಲ್ ಎಂದಿತು. ನಾನು ಶುರು ಮಾಡಿದ್ದೂ ಹೀಗೇ.

ನನಗೆ ಬಿಳಿ ಸಿಲ್ಕಿ ಬೇಕಿತ್ತು. ಜಾಹೀರಾತು ನೋಡಿ ಒಬ್ಬರ ಹತ್ತಿರ ಹೋದೆ. ಅವರ ಶೆಡ್ಡಿನಲ್ಲಿ ಹಲವು ತಳಿಗಳು ಒಟ್ಟಿಗೇ ಓಡಾಡುತ್ತಿದ್ದವು. ಅಲ್ಲಿ ಇಲ್ಲಿ ಕೊಂಡು ತಂದವು, ಯಾರೋ ಬೇಡ ಅಂತ ಕೊಟ್ಟವು, ಎಲ್ಲಾ ಒಂದೇ ಕಡೆ. ಅಂದರೆ ಅವರು ಸಾಕಿ ಮಾರುವವರಲ್ಲ, ಕೊಂಡು ಮಾರುವವರು. ಆಗ ಅದು ನನಗೆ ಹೊಳೆಯಲಿಲ್ಲ. ಎರಡು ಸಿಲ್ಕಿ ಹೇಟೆ ಹಿಡಿದು ಕೈಗೆ ಕೊಟ್ಟರು. ಒಂದರ ಕಣ್ಣಿನ ಮೂಲೆಯಲ್ಲಿ ಸಣ್ಣ ನೊರೆ ಗುಳ್ಳೆ ಇತ್ತು. ಬೆರಳಲ್ಲಿ ಒರೆಸಿದೆ, ಹೋಯಿತು. ಹಣ ಎಣಿಸಿ ಕೊಡುವಷ್ಟರಲ್ಲಿ ಅದೇ ಜಾಗದಲ್ಲಿ ಇನ್ನೊಂದು ಗುಳ್ಳೆ. "ಧೂಳು ಬಿದ್ದಿರಬೇಕು" ಅಂದರು. ಸಿಲ್ಕಿಗೆ ತಲೆ ತುಂಬ ಪುಕ್ಕ, ಕಣ್ಣಿಗೆ ಚುಚ್ಚಿರುತ್ತದೆ ಅಂತ ನಾನೂ ಒಪ್ಪಿಕೊಂಡೆ. ಅವತ್ತು ಸಂಜೆಯೇ ಎರಡನ್ನೂ ನನ್ನ ಹಳೆಯ ಕೋಳಿಗಳ ಗೂಡಿಗೆ ಬಿಟ್ಟೆ.

ಕೆಲವು ವಾರಗಳಲ್ಲಿ ಹಳೆಯವು ಸೀನತೊಡಗಿದವು. ರಾತ್ರಿ ಗೂಡಿನ ಹತ್ತಿರ ನಿಂತರೆ ಗೊರಗೊರ ಸದ್ದು. ಒಂದರ ಮುಖ ಕಣ್ಣಿನ ಕೆಳಗೆ ಊದಿಕೊಂಡಿತು. ಪಶುವೈದ್ಯರು ಪರೀಕ್ಷೆ ಮಾಡಿಸಿ ಮೈಕೊಪ್ಲಾಸ್ಮಾ, ಅಂದರೆ ಬ್ಯಾಕ್ಟೀರಿಯಾದಿಂದ ಬರುವ ಉಸಿರಾಟದ ರೋಗ, ಅಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜನ ಇದನ್ನು ನೆಗಡಿ ಅಂದುಕೊಳ್ಳುತ್ತಾರೆ. ಔಷಧಿ ಕೊಟ್ಟರೆ ಸೀನು ನಿಲ್ಲುತ್ತದೆ, ಊತ ಇಳಿಯುತ್ತದೆ. ಆದರೆ ರೋಗಾಣು ಮೈ ಬಿಟ್ಟು ಹೋಗುವುದಿಲ್ಲ. ಒಮ್ಮೆ ತಗುಲಿದ ಕೋಳಿ ನೋಡಲು ಚೆನ್ನಾಗಿಯೇ ಇದ್ದು, ಬದುಕಿರುವವರೆಗೂ ಅದನ್ನು ಹೊತ್ತುಕೊಂಡಿರುತ್ತದೆ. ಪ್ರಯಾಣ, ಹೊಸ ಜಾಗ, ಚಳಿ, ಪುಕ್ಕ ಉದುರುವ ಕಾಲ, ಹೀಗೆ ಮೈ ಸೋತಾಗಲೆಲ್ಲ ರೋಗ ಮತ್ತೆ ತಲೆ ಎತ್ತುತ್ತದೆ. ಹೊಸ ಕೋಳಿ ಮನೆಗೆ ಬರುವ ದಿನ ಅಂದರೆ ಪ್ರಯಾಣವೂ ಹೌದು, ಹೊಸ ಜಾಗವೂ ಹೌದು. ಹಾಗಾಗಿ ಮಾರುವವರ ಶೆಡ್ಡಿನಲ್ಲಿ ಒಂದು ಗುಳ್ಳೆಯಷ್ಟೇ ಕಂಡದ್ದು ನಮ್ಮ ಮನೆಯಲ್ಲಿ ಪೂರ್ತಿ ರೋಗವಾಗಿ ಕಾಣಿಸುತ್ತದೆ. ಇನ್ನೂ ಕೆಟ್ಟದ್ದೇನೆಂದರೆ ಇದು ಮೊಟ್ಟೆಯೊಳಗಿಂದ ಮರಿಗೂ ಹೋಗುತ್ತದೆ. ಕೆಲವು ಹಳೆಯ ಹೇಟೆಗಳು ಸತ್ತವು. ಉಳಿದವನ್ನು ಯಾರಿಗೂ ಕೊಡುವ ಹಾಗಿಲ್ಲ, ಅವುಗಳ ಮೊಟ್ಟೆಯನ್ನು ಕಾವಿಗೆ ಕೊಡುವ ಹಾಗಿಲ್ಲ, ಹೊಸ ಕೋಳಿ ತರುವ ಹಾಗಿಲ್ಲ. ಅಪರೂಪದ ತಳಿ ಉಳಿಸಬೇಕು ಅಂತ ತಂದ ಸಿಲ್ಕಿಗಳಿಂದ ಒಂದು ಮರಿಯನ್ನೂ ಹೊರಗೆ ಕೊಡಲು ಆಗಲಿಲ್ಲ. ಈಗಲೂ ನೆನೆದರೆ ಸಂಕಟ ಆಗುತ್ತದೆ.

ಅದಕ್ಕೇ ಎಲ್ಲಿ ಸಿಗುತ್ತದೆ ಅನ್ನುವುದನ್ನು ಆಮೇಲೆ ನೋಡೋಣ. ಮೊದಲು ಹಿತ್ತಲಿನ ಇನ್ನೊಂದು ತುದಿಯಲ್ಲಿ ಬೇರೆ ಗೂಡು ಕಟ್ಟಿ. ಹೊಸದು ಯಾವುದೇ ಬರಲಿ, ಕನಿಷ್ಠ 30 ದಿನ ಅಲ್ಲೇ ಇರಲಿ. ನೀರಿನ ಪಾತ್ರೆ ಬೇರೆ, ಚಪ್ಪಲಿ ಬೇರೆ. ದಿನಾ ಮೊದಲು ಹಳೆಯವಕ್ಕೆ ಮೇವು ಹಾಕಿ, ಆಮೇಲೆ ಹೊಸವುಗಳ ಹತ್ತಿರ ಹೋಗಿ. ಇದನ್ನು ಹಿಂದುಮುಂದು ಮಾಡಬೇಡಿ. ಲಕ್ಷಣ ಕಾಣದಿದ್ದರೂ ರೋಗ ಇರಬಹುದು, ಆದ್ದರಿಂದ ಆ ಅವಧಿಯಲ್ಲೇ ರಕ್ತ ಪರೀಕ್ಷೆ ಮಾಡಿಸಿ. ಕೊನೆಗೆ ನಿಮ್ಮ ಹಳೆಯ ಕೋಳಿ ಒಂದನ್ನು ಮಾತ್ರ ಹೊಸವುಗಳ ಜೊತೆ ಬಿಟ್ಟು, ಅದಕ್ಕೆ ರೋಗ ಹತ್ತುತ್ತದಾ ಅಂತ ಇನ್ನೂ ಕೆಲವು ವಾರ ನೋಡಿ. ನಿಷ್ಠುರ ಅನಿಸುತ್ತದೆ, ಗೊತ್ತು. ಇಡೀ ಗೂಡು ಕಳೆದುಕೊಳ್ಳುವುದು ಅದಕ್ಕಿಂತ ನಿಷ್ಠುರ.

ಇನ್ನು ಒಂದೊಂದು ತಳಿ ಒಂದೊಂದು ಬೇಕು ಅನ್ನುವ ನಿಮ್ಮ ಯೋಚನೆ. ನನ್ನ ಪ್ರಕಾರ ಅದನ್ನು ಬಿಟ್ಟುಬಿಡಿ. ಪೋಲಿಷ್ ಕೋಳಿಗೆ ತಲೆಯ ಪುಕ್ಕ ಕಣ್ಣಿನ ಮೇಲೆ ಬೀಳುತ್ತದೆ, ಮೇಲಿಂದ ಏನು ಬರುತ್ತಿದೆ ಅಂತ ಅದಕ್ಕೆ ಕಾಣುವುದೇ ಇಲ್ಲ. ಚುರುಕಿನ ಕೋಳಿಗಳ ನಡುವೆ ಬಿಟ್ಟರೆ ಕುಕ್ಕಿ ಕುಕ್ಕಿ ಆ ಪುಕ್ಕವನ್ನೇ ಕಿತ್ತು ಹಾಕುತ್ತವೆ. ಸಿಲ್ಕಿಯೂ ಸಾಧು. ಅಲ್ಲದೆ ನಾಲ್ಕು ತಳಿಯ ನಾಲ್ಕು ಹೇಟೆ, ಒಂದು ಹುಂಜ ಅಂದರೆ ಹುಟ್ಟುವುದೆಲ್ಲ ಮಿಶ್ರ ಮರಿ. ಆ ಹೇಟೆ ಸತ್ತ ದಿನ ನಿಮ್ಮ ಹಿತ್ತಲಲ್ಲಿ ಆ ತಳಿಯೂ ಮುಗಿಯಿತು. ಒಂದೇ ತಳಿ ಆರಿಸಿಕೊಳ್ಳಿ. ಮೂರ್ನಾಲ್ಕು ಹೇಟೆ ತನ್ನಿ, ಹುಂಜ ಬೇರೆ ತಂದೆ ತಾಯಿಯದಾಗಿರಲಿ, ಆ ಹೇಟೆಗಳ ಒಡಹುಟ್ಟಿದ್ದು ಬೇಡ.

ತಳಿ ಶುದ್ಧವಾ ಅಂತ ನೋಡುವಾಗ ಕಣ್ಣಿಗೆ ಹೊಡೆಯುವ ಗುಣವನ್ನು ನಂಬಬೇಡಿ. ಕಡಕ್‌ನಾಥ್‌ನ ಚರ್ಮದ ಕಪ್ಪು, ಸಿಲ್ಕಿಯ ಐದು ಬೆರಳು, ಅರೌಕಾನಾ ಅನ್ನುವ ತಳಿಯ ನೀಲಿ ಮೊಟ್ಟೆ, ಈ ಮೂರೂ ಪ್ರಬಲ ಗುಣಗಳು. ತಂದೆ ತಾಯಿಯಲ್ಲಿ ಒಬ್ಬರದಿದ್ದರೂ ಮರಿಗೆ ಬರಬಹುದು. ಐದು ಬೆರಳಿನ ಮಿಶ್ರ ಕೋಳಿಯನ್ನು ಸಿಲ್ಕಿ ಅಂತ, ನೀಲಿ ಮೊಟ್ಟೆ ಇಡುವ ಯಾವುದನ್ನೋ ಅರೌಕಾನಾ ಅಂತ ಮಾರುವುದು ಸುಲಭ ಅಲ್ವಾ? ರೇಷ್ಮೆಯಂಥ ಪುಕ್ಕ ಮಾತ್ರ ಹಾಗಲ್ಲ, ಅದಕ್ಕೆ ಎರಡೂ ಕಡೆಯಿಂದ ಆ ಗುಣ ಬರಬೇಕು. ಕಡಕ್‌ನಾಥ್ ಮೊಟ್ಟೆ ಕಪ್ಪಗಿರುತ್ತದೆ ಅಂತ ಹೇಳುವವರ ಹತ್ತಿರ ಏನನ್ನೂ ಕೊಳ್ಳಬೇಡಿ, ಅದು ತಿಳಿ ಕಂದು ಬಣ್ಣದ್ದು. ತಂದೆ ತಾಯಿ ಕೋಳಿಗಳನ್ನು ನಿಂತು ನೋಡಿ. ತಳಿಗಳನ್ನು ಬೇರೆ ಬೇರೆ ಕಟ್ಟಿ ಸಾಕಿದ್ದಾರಾ ಅಂತ ಕೇಳಿ. ಹುಂಜವನ್ನು ಬೇರೆ ಮಾಡಿದ ಮೇಲೂ ಎರಡು ಮೂರು ವಾರ ಹೇಟೆ ಇಡುವ ಮೊಟ್ಟೆಯಲ್ಲಿ ಅದೇ ಹುಂಜದ ಮರಿ ಇರಬಹುದು, ಅದಕ್ಕೆ ನಿನ್ನೆ ಬೇರೆ ಮಾಡಿದೆವು ಅನ್ನುವ ಉತ್ತರ ಸಾಲದು.

ಮೊಟ್ಟೆ ತರಿಸಿ ಮರಿ ಮಾಡಿಸುವ ದಾರಿಯೂ ಇದೆ, 21 ದಿನದ ಕೆಲಸ. ಮಾರೆಕ್ಸ್‌ನಂಥ (ಕೋಳಿಗಳ ಕಾಲು ಸೋಲಿಸಿ ಮೈಯೊಳಗೆ ಗಡ್ಡೆ ತರುವ ವೈರಸ್ ರೋಗ) ಕೆಲವು ರೋಗ ಮೊಟ್ಟೆಯಲ್ಲಿ ಬರುವುದಿಲ್ಲ, ಅದು ಲಾಭ. ಆದರೆ ಪಾರ್ಸೆಲ್‌ನಲ್ಲಿ ಕುಲುಕಿದ ಮೊಟ್ಟೆಗಳಲ್ಲಿ ಎಷ್ಟೋ ಮರಿಯಾಗುವುದೇ ಇಲ್ಲ, ಮರಿಯಾದವುಗಳಲ್ಲಿ ಅರ್ಧದಷ್ಟು ಹುಂಜ. ನಾನಾದರೆ ತಾವೇ ಸಾಕಿ ಮಾರುವ ಒಬ್ಬರ ಹತ್ತಿರವೇ, ಒಂದೇ ಸಲ, ಮಾರೆಕ್ಸ್ ಲಸಿಕೆ ಹಾಕಿದ ಮರಿಗಳನ್ನು ತರುತ್ತೇನೆ.

ಅಂಥವರು ಕೋಳಿ ಪ್ರದರ್ಶನಗಳಲ್ಲಿ, ತಳಿ ಸಂಘಗಳಲ್ಲಿ, ಕೃಷಿ ವಿಶ್ವವಿದ್ಯಾಲಯಗಳ ಕೋಳಿ ಘಟಕಗಳಲ್ಲಿ ಸಿಗುತ್ತಾರೆ. ಒಳ್ಳೆಯವರ ಹತ್ತಿರ ಮರಿ ಸುಮ್ನೆ ಸಿಗುವುದಿಲ್ಲ, ಮುಂದಿನ ಸರದಿಗೆ ಹೆಸರು ಬರೆಸಿ ಹೋಗಿ ಅನ್ನುತ್ತಾರೆ. ಬರೆಸಿ. ಅಷ್ಟರಲ್ಲಿ ಬೇರೆ ಗೂಡು ಕಟ್ಟಲು ಸಮಯವೂ ಸಿಗುತ್ತದೆ.