ಸಂಪಾದಕರ ಉತ್ತರ: ನಾಜಿಗಳು ಯಹೂದಿಗಳನ್ನು ಕೊಂದ ಶಿಬಿರಗಳು ಯಾರ ಕೈಕೆಳಗಿದ್ದವು?

ಹಾಸನದ ಓದುಗರೊಬ್ಬರು ಕೇಳಿದ್ದಾರೆ: ‘ಆಶ್ವಿಟ್ಸ್‌ಗೂ ಟ್ರೆಬ್ಲಿಂಕಾಗೂ ಬೇರೆ ಬೇರೆ ಆಡಳಿತವಿತ್ತು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಎಲ್ಲವೂ ಹಿಮ್ಲರನ ಎಸ್‌ಎಸ್‌ಗೇ ಸೇರಿದ್ದವಲ್ಲ? ಶಿಬಿರದೊಳಗೆ ಕಮಾಂಡೆಂಟ್ ಹೇಳಿದ್ದೇ ಅಂತಿಮವಲ್ಲವೆ?’

ಮೇಲೆ ಇದ್ದವನು ನಾಜಿ ಪಕ್ಷದ ಸಶಸ್ತ್ರ ಪಡೆಯಾದ ಎಸ್‌ಎಸ್‌ನ ಮುಖ್ಯಸ್ಥ ಹಿಮ್ಲರನೇ, ನಿಜ. ಅವನಿಂದ ಆಜ್ಞೆ ಕೆಳಗಿಳಿದ ದಾರಿಗಳು ಮಾತ್ರ ಬೇರೆ ಬೇರೆ. ಆಶ್ವಿಟ್ಸ್, ಮೈದಾನೆಕ್‌ಗಳು ಯಾತನಾ ಶಿಬಿರಗಳ ಜಾಲದಲ್ಲಿದ್ದವು. 1942ರ ಮಾರ್ಚ್‌ನಿಂದ ಆ ಜಾಲ ಓಸ್ವಾಲ್ಡ್ ಪೋಲ್‌ನ ಕೈಕೆಳಗಿನ ಎಸ್‌ಎಸ್‌ನ ಆರ್ಥಿಕ-ಆಡಳಿತ ಮುಖ್ಯ ಕಚೇರಿಗೆ ಸೇರಿತು. ಬೆಲ್ಜೆಕ್, ಸೋಬಿಬೋರ್, ಟ್ರೆಬ್ಲಿಂಕಾ ಆ ಕಚೇರಿಯ ಅಧೀನದಲ್ಲಿರಲಿಲ್ಲ. ಅವನ್ನು ನಡೆಸಿದವನು ಜರ್ಮನಿ ಆಕ್ರಮಿಸಿದ್ದ ಪೋಲೆಂಡಿನ ಲುಬ್ಲಿನ್‌ನ ಎಸ್‌ಎಸ್ ಮತ್ತು ಪೊಲೀಸ್ ಮುಖ್ಯಸ್ಥ ಓಡಿಲೊ ಗ್ಲೊಬೋಚ್ನಿಕ್. ಹೆಲ್ಮ್ನೊ ಶಿಬಿರದ್ದು ಮತ್ತೊಂದೇ ದಾರಿ, ಜರ್ಮನಿ ತನಗೆ ಸೇರಿಸಿಕೊಂಡಿದ್ದ ಪಶ್ಚಿಮ ಪೋಲೆಂಡಿನ ವಾರ್ತೆಗೌ ಪ್ರಾಂತದ ಪೊಲೀಸ್ ವ್ಯವಸ್ಥೆಯದು.

ಗ್ಲೊಬೋಚ್ನಿಕ್‌ನ ಶಿಬಿರಗಳ ಸಿಬ್ಬಂದಿಯನ್ನು ಗಮನಿಸಬೇಕು. ಒಂದೊಂದರಲ್ಲೂ ಜರ್ಮನ್ನರು 20–30 ಮಂದಿ. ಟ್ರಾವ್ನಿಕಿ ಎಂಬ ಎಸ್‌ಎಸ್ ತರಬೇತಿ ಶಿಬಿರದಲ್ಲಿ ತರಬೇತಾದ ಕಾವಲುಗಾರರು ನೂರರ ಆಸುಪಾಸು. ಜರ್ಮನ್ನರಲ್ಲಿ ಹೆಚ್ಚಿನವರು ಅಂಗವಿಕಲರನ್ನೂ ಮನೋರೋಗಿಗಳನ್ನೂ ಕೊಂದ ‘ಟಿ4’ ಕಾರ್ಯಕ್ರಮದಲ್ಲಿ ಪಳಗಿದವರು, ಸಂಬಳ ಬರುತ್ತಿದ್ದುದು ಹಿಟ್ಲರನ ಖಾಸಗಿ ಕಚೇರಿಯಿಂದ. ಇಷ್ಟು ಕಡಿಮೆ ಜನ ಸಾಕಾದದ್ದೇಕೆಂದರೆ ಅಲ್ಲಿ ಕೈದಿಗಳನ್ನು ಇರಿಸಿಕೊಳ್ಳುವ ಉದ್ದೇಶವೇ ಇರಲಿಲ್ಲ. ರೈಲಿನಿಂದ ಇಳಿದವರಲ್ಲಿ ಬಹುತೇಕರನ್ನು ಕೆಲವೇ ಗಂಟೆಗಳಲ್ಲಿ ಕೊಂದರು. ಹೆಣ ಹೊರುವುದು, ಬಟ್ಟೆ ವಿಂಗಡಿಸುವುದು, ಇವನ್ನೆಲ್ಲ ಸಾವಿನ ಸರದಿಯಲ್ಲಿದ್ದ ಯಹೂದಿಗಳಿಂದಲೇ ಮಾಡಿಸಿದರು.

ಇನ್ನು ಕಮಾಂಡೆಂಟನ ಅಧಿಕಾರ. ಕೈದಿಗಳ ಮೇಲೆ ಅದಕ್ಕೆ ಮಿತಿಯೇ ಇರಲಿಲ್ಲ. ತನ್ನ ಮೇಲಿನವರ ಮುಂದೆ ಅದು ತೀರ ಸಣ್ಣದು. ಯಾರು, ಎಷ್ಟು ಜನ ಬರಬೇಕೆಂಬುದು ಅವನ ನಿರ್ಧಾರವಲ್ಲ. ಆಶ್ವಿಟ್ಸ್‌ಗೆ ಯುರೋಪಿನ ದೇಶದೇಶಗಳಿಂದ ಸಾಗಣೆ ಹೊಂದಿಸಿದ್ದು ಬರ್ಲಿನ್‌ನಲ್ಲಿ ಐಕ್‌ಮನ್ನನ ವಿಭಾಗ. ಜರ್ಮನ್ ರೈಲ್ವೆ ಅದಕ್ಕೆ ಮೂರನೇ ದರ್ಜೆಯ ಒಮ್ಮುಖ ದರದ ಲೆಕ್ಕದಲ್ಲಿ ಹಣ ಪಡೆಯಿತು. 10 ವರ್ಷದೊಳಗಿನ ಮಕ್ಕಳಿಗೆ ಅರ್ಧ, 4ರೊಳಗಿನವರಿಗೆ ಉಚಿತ. ಈ ದರಪಟ್ಟಿಯನ್ನು ಎಷ್ಟು ಸಲ ಓದಿದರೂ ಮೈ ನಡುಗುತ್ತದೆ. ಆಶ್ವಿಟ್ಸ್‌ನೊಳಗಿನ ರಾಜಕೀಯ ವಿಭಾಗ ಕೂಡ ರಹಸ್ಯ ಪೊಲೀಸ್ ದಳವಾದ ಗೆಸ್ಟಾಪೊಗೆ ವರದಿ ಒಪ್ಪಿಸುತ್ತಿತ್ತು.

ಟ್ರೆಬ್ಲಿಂಕಾದ ಮೊದಲ ಕಮಾಂಡೆಂಟ್ ಇರ್ಮ್‌ಫ್ರೀಡ್ ಎಬರ್ಲ್ ಒಬ್ಬ ವೈದ್ಯ. 1942ರ ಜುಲೈ ಕೊನೆಯಿಂದ ವಾರ್ಸಾದ ರೈಲುಗಳು ಒಂದರ ಹಿಂದೊಂದು ಬಂದವು. ಹೆಣಗಳನ್ನು ಹೂಳಲಾಗದೆ ರಾಶಿ ಬಿದ್ದವು. ಹಳಿಯ ಮೇಲೆ ನಿಂತ ಮುಚ್ಚಿದ ಬೋಗಿಗಳಲ್ಲೇ ಜನ ಸತ್ತರು. ಆಗಸ್ಟ್ ಕೊನೆಗೆ ಗ್ಲೊಬೋಚ್ನಿಕ್ ತನ್ನ ಶಿಬಿರಗಳ ಇನ್‌ಸ್ಪೆಕ್ಟರ್ ಕ್ರಿಶ್ಚಿಯನ್ ವಿರ್ತ್‌ನೊಂದಿಗೆ ಬಂದು ಎಬರ್ಲ್‌ನನ್ನು ಕಿತ್ತುಹಾಕಿದ, ಕೆಲ ದಿನ ರೈಲು ನಿಲ್ಲಿಸಿದ, ಸೋಬಿಬೋರ್‌ನಿಂದ ಫ್ರಾಂಟ್ಸ್ ಸ್ಟಾಂಗ್ಲ್‌ನನ್ನು ಕರೆಸಿದ. ಕೊಲೆ ಮುಂದುವರಿಯಿತು.

ಆಡಳಿತ ಬೇರೆಯೆಂದರೆ ನಡುವೆ ಗೋಡೆಯಿತ್ತೆಂದು ದಯವಿಟ್ಟು ತಿಳಿಯಬೇಡಿ. ಗ್ಲೊಬೋಚ್ನಿಕ್‌ನ ಸಹಾಯಕ ಹೆರ್ಮನ್ ಹೊಫ್ಲೆ 1943ರ ಜನವರಿ 11ರಂದು ಕಳಿಸಿದ ತಂತಿಯಲ್ಲಿ 1942ರ ಕೊನೆಯವರೆಗೆ ಶಿಬಿರಗಳಿಗೆ ಬಂದವರ ಒಟ್ಟು ಲೆಕ್ಕ 12,74,166. ಅದರಲ್ಲಿ 24,733 ಜನರು ಲುಬ್ಲಿನ್‌ನ ಲೆಕ್ಕದಲ್ಲಿ, ಅಂದರೆ ಪೋಲ್‌ನ ಕಚೇರಿಗೆ ಸೇರಿದ್ದ ಮೈದಾನೆಕ್‌ನ ಹೆಸರಿನಲ್ಲಿ, ದಾಖಲಾಗಿದ್ದಾರೆ.