ಹಸಿರುಮನೆಯಲ್ಲಿ ಕುಂಡದ ಗಿಡಗಳಿಗೆ ನೀರನ್ನು ಮೇಲಿಂದ ಕೊಟ್ಟರೇನು, ಬುಡದಿಂದ ಕೊಟ್ಟರೇನು?

ವ್ಯತ್ಯಾಸ ಹೆಚ್ಚಾಗಿ ಕಾಣುವುದು ನೀರಿನ ಖರ್ಚಿನಲ್ಲಿ. ಬೇರಿಗೆ ಒಂದೇ ಸಮ ತೇವ ಸಿಕ್ಕರೆ, ನೀರು ಯಾವ ಕಡೆಯಿಂದ ಬಂತು ಅಂತ ಗಿಡ ನೋಡುವುದಿಲ್ಲ.

ಸ್ಪ್ರಿಂಕ್ಲರ್ ನೀರು ಕುಂಡಗಳ ನಡುವಿನ ಜಾಗಕ್ಕೂ ಬೀಳುತ್ತದೆ. ದುಂಡು ಕುಂಡಗಳನ್ನು ಸಾಲಾಗಿ, ಒಂದಕ್ಕೊಂದು ತಾಗಿಸಿ ಇಟ್ಟರೂ ಸುಮಾರು ಶೇ. 21ರಷ್ಟು ಜಾಗ ಖಾಲಿಯೇ. ಗಿಡ ಬೆಳೆದಂತೆ ಕುಂಡಗಳನ್ನು ದೂರ ಇಡಲೇಬೇಕು ಅಲ್ವಾ, ಆಗ ನಷ್ಟ ಇನ್ನೂ ಜಾಸ್ತಿ. ಅಗಲ ಎಲೆಗಳು ಕೊಡೆಯ ಹಾಗೆ ನೀರನ್ನು ಆಚೆ ತಳ್ಳುತ್ತವೆ. ಒದ್ದೆ ಎಲೆಗೆ ಬೂಷ್ಟು ರೋಗ ಬೇಗ ತಗಲುತ್ತದೆ.

ಡ್ರಿಪ್‌ನಲ್ಲಿ ನೀರು ನೇರ ಕುಂಡಕ್ಕೇ. ಆದರೆ ಕುಂಡಕ್ಕೆ ತುಂಬಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತೀರಾ ಒಣಗಿದರೆ ಕುಂಡದ ಅಂಚು ಬಿಟ್ಟು ಕುಗ್ಗಿರುತ್ತದೆ. ಒಮ್ಮೆಲೇ ಸುರಿದರೆ ನೀರು ಆ ಸಂದಿಯಲ್ಲಿ ಸುಮ್ನೆ ಇಳಿದುಹೋಗುತ್ತದೆ. ಸ್ವಲ್ಪ ಸ್ವಲ್ಪ, ಹಲವು ಸಲ ಕೊಡುವುದೇ ಸರಿ.

ಬುಡದಿಂದ ಕೊಡುವಾಗ ಕುಂಡಗಳಿರುವ ತಟ್ಟೆಗೆ ಸ್ವಲ್ಪ ಹೊತ್ತು ನೀರು ತುಂಬಿಸುತ್ತಾರೆ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಮಣ್ಣಿನ ಸಣ್ಣ ಸಂದಿಗಳು ನೀರನ್ನು ಮೇಲೆಳೆಯುತ್ತವೆ. ಮಿಕ್ಕ ನೀರು ಮತ್ತೆ ಟ್ಯಾಂಕಿಗೆ ಹೋಗುತ್ತದೆ. ನೀರು ಉಳಿಸಲು ನನ್ನ ಆಯ್ಕೆ ಇದೇ. ಒಂದು ತೊಡಕಿದೆ: ಗೊಬ್ಬರದ ಉಪ್ಪು ಕೆಳಗೆ ತೊಳೆದುಹೋಗದೆ ಮೇಲ್ಮಣ್ಣಿನಲ್ಲಿ ಕೂರುತ್ತದೆ. ಹಾಗಾಗಿ ಗೊಬ್ಬರ ಕಡಿಮೆ ಹಾಕಿ. ಮೇಲೆ ಬಿಳಿ ಪದರ ಕಂಡರೆ ಒಂದು ಸಲ ಮೇಲಿಂದ ಚೆನ್ನಾಗಿ ನೀರು ಹಾಯಿಸಿ, ಆ ನೀರನ್ನು ಮಾತ್ರ ಟ್ಯಾಂಕಿಗೆ ಬಿಡಬೇಡಿ.